ಕಾಲೇಜು ಬದಲಿಸುವವರ ಕಾಗದಪತ್ರಗಳು

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ನಮ್ಮ ಊರುಗಳಲ್ಲಿ ಒಂದು ಬಗೆಯ ಓಡಾಟ ಆರಂಭವಾಗುತ್ತದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿದ ಹುಡುಗಿ ಎಂ.ಎ. ಓದಲು ಧಾರವಾಡಕ್ಕೆ ಹೊರಡುತ್ತಾಳೆ. ಬಿ.ಎಸ್‌ಸಿ.ಗೆ ಸೇರಿ ಎರಡು ತಿಂಗಳಾದ ಹುಡುಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಸುದ್ದಿ ಬರುತ್ತದೆ. ತಂದೆಗೆ ವರ್ಗವಾಗಿ ಮಗನ ಓದನ್ನು ನಡುವೆಯೇ ಬೇರೆ ಊರಿಗೆ ಸಾಗಿಸಬೇಕಾದ ಮನೆಗಳೂ ಉಂಟು. ಇಂಥ ಮನೆಗಳಲ್ಲಿ ಹಾಸ್ಟೆಲು, ಊಟ, ಹಾಸಿಗೆ, ಫೀಸಿನ ಹಣ, ಎಲ್ಲದರ ಯೋಚನೆಯೂ ಮೊದಲೇ ನಡೆದಿರುತ್ತದೆ. ಕಾಗದಪತ್ರಗಳ ಯೋಚನೆ ಬರುವುದು ಮಾತ್ರ ಕಟ್ಟಕಡೆಗೆ, ಹೊಸ ಕಾಲೇಜಿನ ಗುಮಾಸ್ತರು ಕಿಟಕಿಯೊಳಗಿಂದ ಕೈನೀಡಿ, “ಎಲ್ಲಿ, ಟಿ.ಸಿ. ಕೊಡಿ, ಮೈಗ್ರೇಷನ್ ಕೊಡಿ, ಒರಿಜಿನಲ್ ಅಂಕಪಟ್ಟಿ ಕೊಡಿ” ಎಂದು ಕೇಳಿದಾಗ.

ನಾನು ಹಲವು ವರ್ಷ ಆ ಕಿಟಕಿಯ ಒಳಮಗ್ಗುಲಲ್ಲಿ ಕುಳಿತವನು. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಅದು ಮಾಡುತ್ತಿದ್ದುದನ್ನೇ ಆಗ ಎಷ್ಟೋ ಕಾಲೇಜುಗಳು ಮಾಡುತ್ತಿದ್ದವು. ಪ್ರವೇಶದ ದಿನ ಹುಡುಗರಿಂದ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಅಂಕಪಟ್ಟಿಗಳ ಮೂಲಪ್ರತಿಗಳನ್ನು ಪಡೆದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ೨೦೧೧ರಲ್ಲಿ ನಮ್ಮಲ್ಲಿ ಬಿ.ಎಸ್‌ಸಿ.ಗೆ ಸೇರಿದ್ದ ಒಬ್ಬ ಹುಡುಗಿಗೆ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸೀಟು ಬಂತು. ಮೂಲ ಅಂಕಪಟ್ಟಿಗಳನ್ನು ಇಂಥ ದಿನದೊಳಗೆ ತಂದು ತೋರಿಸಬೇಕೆಂದು ಅವರು ತಿಳಿಸಿದ್ದರು. ಹುಡುಗಿಯ ತಂದೆ ಹಳ್ಳಿಯಿಂದ ಬಂದು ನನ್ನ ಮೇಜಿನ ಮುಂದೆ ನಿಂತರು.

“ಸ್ವಾಮಿ, ನಮ್ಮ ಮಗೀನ ಮಾರ್ಕ್ಸ್ ಕಾರ್ಡು ಕೊಡಿಸಿ.”

“ಯಜಮಾನ್ರೇ, ನನ್ನ ಕೈಯಲ್ಲೇನೂ ಇಲ್ಲ, ಸೆಕ್ರೆಟರಿಯವರನ್ನ ಕೇಳಿ” ಎಂದೆ.

ಸೆಕ್ರೆಟರಿಯವರು ಹೇಳಿದ್ದು ಇಷ್ಟು: ಸೀಟು ಖಾಲಿ ಬಿದ್ದರೆ ಮೂರು ವರ್ಷ ಕಾಲೇಜಿಗೆ ನಷ್ಟ, ಆದ್ದರಿಂದ ಉಳಿದ ಎರಡು ವರ್ಷದ ಫೀಸನ್ನೂ ಕಟ್ಟಿ ಅಂಕಪಟ್ಟಿ ತೆಗೆದುಕೊಂಡು ಹೋಗಲಿ. ಆ ಯಜಮಾನರು ಮೂರು ಸಲ ಬಂದರು. ಮೂರು ಸಲವೂ ಬಾಯಿಮಾತಿನಲ್ಲೇ ಕೇಳಿದರು. ನಾವೂ ಬಾಯಿಮಾತಿನಲ್ಲೇ ಕಳುಹಿಸಿದೆವು. ನಾಲ್ಕನೆಯ ಸಲ ಎಲ್ಲೋ ಸಾಲ ಮಾಡಿ ಹಣ ತಂದರು. ಕೃಷಿ ವಿಶ್ವವಿದ್ಯಾನಿಲಯದವರು ಕೊಟ್ಟಿದ್ದ ದಿನ ಅದರ ಹಿಂದಿನ ದಿನವೇ ಕಳೆದುಹೋಗಿತ್ತು. ಹುಡುಗಿ ನಮ್ಮಲ್ಲಿಯೇ ಮೂರು ವರ್ಷ ಓದಿದಳು. ಆಫೀಸಿಗೆ ಬಂದಾಗ ನನ್ನ ಮೇಜಿನ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ.

ಇಷ್ಟಕ್ಕೂ, ಮೂಲಪ್ರತಿಗಳನ್ನು ಹೀಗೆ ಹಿಡಿದಿಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಎಂದರೆ ಯು.ಜಿ.ಸಿ., ಅದಕ್ಕೆ ನಾಲ್ಕು ವರ್ಷ ಮೊದಲು, ೨೦೦೭ರ ಏಪ್ರಿಲ್‌ನಲ್ಲಿಯೇ ಸಾರ್ವಜನಿಕ ಪ್ರಕಟಣೆ ಹೊರಡಿಸಿತ್ತು. ಅದರ ಪ್ರತಿ ನಮ್ಮ ಫೈಲಿನಲ್ಲಿಯೇ ಇತ್ತು. ಆ ಯಜಮಾನರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ. ಈಗ ಬರೆಯುತ್ತಿರುವುದು ಆ ಕಾರಣದಿಂದ ಎಂದು ಬೇಕಾದರೂ ತಿಳಿಯಿರಿ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಏಕೆಂದರೆ ಅರ್ಧ ಗೊಂದಲ ಹುಟ್ಟುವುದು ಅಲ್ಲಿಯೇ. ಟಿ.ಸಿ. ಅಥವಾ ವರ್ಗಾವಣೆ ಪತ್ರವನ್ನು ಕೊಡುವುದು ಕಾಲೇಜು. ಇಂಥವರ ಮಗ ಅಥವಾ ಮಗಳು ಇಂಥ ತರಗತಿಯಲ್ಲಿ ಇಂಥ ದಿನದವರೆಗೆ ನಮ್ಮಲ್ಲಿ ಓದಿ ಬಿಟ್ಟಿದ್ದಾರೆ ಎಂಬುದು ಅದರ ಸಾರಾಂಶ. ಮೈಗ್ರೇಷನ್ ಸರ್ಟಿಫಿಕೇಟನ್ನು ಕೊಡುವುದು ಕಾಲೇಜಲ್ಲ, ವಿಶ್ವವಿದ್ಯಾನಿಲಯ. ಈ ವಿದ್ಯಾರ್ಥಿ ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಸೇರಲು ನಮ್ಮ ಅಭ್ಯಂತರವಿಲ್ಲ ಎಂದು ಅದು ಹೇಳುತ್ತದೆ. ಒಂದೇ ವಿಶ್ವವಿದ್ಯಾನಿಲಯದ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಟಿ.ಸಿ. ಸಾಕು, ವಿಶ್ವವಿದ್ಯಾನಿಲಯವೇ ಬದಲಾಗುವಾಗ ಎರಡೂ ಬೇಕು. ಅಂಕಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಓದಿನ ನಡುವೆ ಬಿಟ್ಟು ಹೋಗುವವರು ಇದುವರೆಗೆ ಓದಿದ ವಿಷಯಗಳ ಪಠ್ಯಕ್ರಮದ ಪ್ರತಿಯನ್ನೂ ಪಡೆದಿರಬೇಕು. ಇದನ್ನು ಬಹುಮಂದಿ ಮರೆಯುತ್ತಾರೆ.

ಈ ಮೈಗ್ರೇಷನ್ ಎಂಬುದು ಏಕೆ ಬಂತು ಎಂದು ನೀವು ಕೇಳಬಹುದು. ಪ್ರತಿಯೊಂದು ವಿಶ್ವವಿದ್ಯಾನಿಲಯವೂ ತನ್ನದೇ ಶಾಸನದಿಂದ ಹುಟ್ಟಿದ, ತನ್ನದೇ ದಾಖಲೆ ಪುಸ್ತಕವನ್ನಿಟ್ಟುಕೊಂಡ ಸಂಸ್ಥೆ. ಒಬ್ಬ ವಿದ್ಯಾರ್ಥಿಯ ಹೆಸರು ಒಂದೇ ಕಾಲದಲ್ಲಿ ಎರಡು ಕಡೆ ಇರಬಾರದು ಎಂಬುದು ಹಳೆಯ ಕಟ್ಟಳೆ. ನಮ್ಮ ನಾಡಿನಲ್ಲಂತೂ ಈ ಗಡಿಗಳು ಎಷ್ಟೋ ಸಲ ಬದಲಾಗಿವೆ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳ ಹುಡುಗರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕೂರುತ್ತಿದ್ದರು. ಮಂಗಳೂರಿನವರು ಮದರಾಸಿನ ಕೆಳಗೆ ಇನ್ನೂ ಬಹುಕಾಲ ಉಳಿದರು. ಧಾರವಾಡದ ಕಾಲೇಜು ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಮುಂಬಯಿಯ ಕೆಳಗಿತ್ತು. ಕಲಬುರಗಿಯ ಕಡೆಯವರಿಗೆ ಹೈದರಾಬಾದಿನ ಉಸ್ಮಾನಿಯಾ. ಆಗ ಕನ್ನಡಿಗನೊಬ್ಬ ಕನ್ನಡದ ಒಂದೂರಿನಿಂದ ಇನ್ನೊಂದೂರಿಗೆ ಓದಲು ಹೋಗುವುದೆಂದರೆ ಕಾಗದದ ಲೆಕ್ಕದಲ್ಲಿ ಪರಸೀಮೆಗೆ ಹೋದಂತೆಯೇ. ಮುಂದೆ ೧೯೬೪ರಲ್ಲಿ ಬೆಂಗಳೂರು, ೧೯೮೦ರಲ್ಲಿ ಮಂಗಳೂರು ಮತ್ತು ಗುಲ್ಬರ್ಗಾ, ೧೯೮೭ರಲ್ಲಿ ಕುವೆಂಪು, ೧೯೯೮ರಲ್ಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾನಿಲಯ ಹೀಗೆ ಒಂದೊಂದಾಗಿ ಬಂದವು. ೨೦೧೭ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೇ ಮೂರಾಯಿತು. ಈಗ ಬೆಂಗಳೂರಿನ ಒಂದು ಬಡಾವಣೆಯಿಂದ ಇನ್ನೊಂದು ಬಡಾವಣೆಗೆ ಹೋದರೂ ಮೈಗ್ರೇಷನ್ ಬೇಕಾಗಬಹುದು. ನಗುವಂತಿದ್ದರೂ ನಿಜ.

ಈಗ ಮುಖ್ಯವಾದ ಮಾತಿಗೆ ಬರೋಣ. ಮೇಲೆ ಹೇಳಿದ ಕಾಗದಗಳಲ್ಲಿ ಎರಡು ಜಾತಿಯುಂಟು. ಒಂದು, ನೀವೇ ಕಾಲೇಜಿಗೆ ಒಯ್ದು ಕೊಟ್ಟವು: ಹಿಂದಿನ ಪರೀಕ್ಷೆಗಳ ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಮೊದಲಾದವು. ಇನ್ನೊಂದು, ಕಾಲೇಜೋ ವಿಶ್ವವಿದ್ಯಾನಿಲಯವೋ ಬರೆದು ಸಹಿ ಮಾಡಿ ನಿಮಗೆ ಕೊಡಬೇಕಾದವು: ಟಿ.ಸಿ., ಮೈಗ್ರೇಷನ್ ಮತ್ತು ಅಲ್ಲಿ ಬರೆದ ಪರೀಕ್ಷೆಗಳ ಅಂಕಪಟ್ಟಿ. ಮೊದಲನೆಯ ಜಾತಿಯವು ನಿಮ್ಮ ಸ್ವತ್ತು. ಅವು ಬೀರುವಿನಲ್ಲಿದ್ದರೂ ನಿಮ್ಮವೇ. ಎರಡನೆಯ ಜಾತಿಯವನ್ನು ನೀವು ಅರ್ಜಿ ಹಾಕಿ, ಗೊತ್ತಾದ ಶುಲ್ಕ ಕಟ್ಟಿ ಪಡೆಯಬೇಕು. ಅವನ್ನು ಕೊಡುವುದು ಅವರ ಕರ್ತವ್ಯ. ಆಫೀಸಿನಲ್ಲಿ ಈ ಎರಡನ್ನೂ ಕಲಸಿ ಒಂದೇ ಉತ್ತರ ಕೊಡುತ್ತಾರೆ. ನೀವು ಕಲಸಬೇಡಿ. ಅರ್ಜಿ ಬರೆಯುವಾಗಲೂ ಎರಡನ್ನೂ ಬೇರೆಬೇರೆಯಾಗಿ ಕೇಳಿ.

“ಬಾಕಿ ಇರುವಾಗ ಅಂಕಪಟ್ಟಿಯನ್ನು ಅಡವಿನಂತೆ ಇಟ್ಟುಕೊಂಡರೆ ತಪ್ಪೇನು?” ಎಂದು ನಮ್ಮ ಸೆಕ್ರೆಟರಿಯವರು ಕೇಳುತ್ತಿದ್ದರು. ಹಣ ತೀರುವ ತನಕ ಇನ್ನೊಬ್ಬರ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಎಲ್ಲರಿಗೂ ಇಲ್ಲ. ೧೮೭೨ರ ಕರಾರು ಕಾಯಿದೆಯ ೧೭೧ನೆಯ ಕಲಮಿನಲ್ಲಿ ಆ ಸಾಮಾನ್ಯ ಹಕ್ಕನ್ನು ಬ್ಯಾಂಕಿನವರು, ಸರಕು ಮಾರಿಕೊಡುವ ದಳ್ಳಾಳಿಗಳು, ಬಂದರಿನ ಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು, ವಿಮೆಯ ದಳ್ಳಾಳಿಗಳು ಎಂದು ಎಣಿಸಿ ಕೊಟ್ಟಿದೆ. ಉಳಿದವರಿಗೆ ಬೇಕಾದರೆ ಅದಕ್ಕೆಂದೇ ಕರಾರು ಇರಬೇಕು. ಕಾಲೇಜಿನ ಹೆಸರು ಆ ಪಟ್ಟಿಯಲ್ಲಿಲ್ಲ. ಅದಿರಲಿ, ತನಗೆ ಬರಬೇಕಾದ ಫೀಸಿಗಾಗಿ ಕಕ್ಷಿಗಾರನ ಕಡತಗಳನ್ನು ಹಿಡಿದಿಟ್ಟುಕೊಂಡ ಒಬ್ಬ ವಕೀಲರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೦೦ದಲ್ಲಿ, ಮೊಕದ್ದಮೆಯ ಕಡತಗಳು ಮಾರಾಟದ ಸರಕಲ್ಲ, ಅವುಗಳ ಮೇಲೆ ಇಂಥ ಹಿಡಿತದ ಹಕ್ಕು ವಕೀಲರಿಗಿಲ್ಲ ಎಂದು ತೀರ್ಮಾನಿಸಿತು. ಆ ತೀರ್ಪು ವಕೀಲರನ್ನು ಕುರಿತದ್ದೇ ಹೊರತು ಕಾಲೇಜನ್ನು ಕುರಿತದ್ದಲ್ಲ, ನಿಜ. ಆದರೆ ಅಂಕಪಟ್ಟಿಯನ್ನು ಅಡವಿಗೆ ಬಂದ ಒಡವೆಯಂತೆ ಕಾಣುವವರು ಅದನ್ನೊಮ್ಮೆ ಓದಿಕೊಂಡರೆ ನಷ್ಟವಿಲ್ಲ.

ಕಾಲೇಜುಗಳ ವಿಷಯದಲ್ಲಿ ನೇರವಾಗಿ ಹೇಳಿರುವುದು ಯು.ಜಿ.ಸಿ.ಯ ೨೦೧೮ರ ಅಕ್ಟೋಬರ್‌ನ ಅಧಿಸೂಚನೆ. ಪ್ರವೇಶದ ಅರ್ಜಿಯ ಜೊತೆಗೆ ಮೂಲಪ್ರತಿಗಳನ್ನು ಕೊಡಲೇಬೇಕೆಂದು ಯಾವ ವಿಶ್ವವಿದ್ಯಾನಿಲಯವೂ, ಅದಕ್ಕೆ ಸೇರಿದ ಯಾವ ಕಾಲೇಜೂ ಒತ್ತಾಯಿಸಕೂಡದು. ಪ್ರವೇಶದ ದಿನ ವಿದ್ಯಾರ್ಥಿಯ ಎದುರಿನಲ್ಲೇ ಮೂಲಪ್ರತಿಯನ್ನು ನೋಡಿ, ಅವನೇ ಸಹಿ ಮಾಡಿದ ನಕಲನ್ನು ಇಟ್ಟುಕೊಂಡು, ಮೂಲವನ್ನು ಆಗಲೇ ಹಿಂದಿರುಗಿಸತಕ್ಕದ್ದು. ಕಾಗದ ನಿಜವೋ ಸುಳ್ಳೋ ಎಂಬ ಸಂದೇಹ ಬಂದರೆ ಅದನ್ನು ಕೊಟ್ಟ ಬೋರ್ಡಿಗೋ ವಿಶ್ವವಿದ್ಯಾನಿಲಯಕ್ಕೋ ಬರೆದು ವಿಚಾರಿಸಬಹುದು. ಆದರೆ ಆ ನೆಪದಿಂದಲೂ ಮೂಲಪ್ರತಿಯನ್ನು ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಇನ್ನೂ ಕೆಲವೆಡೆ ಏಕೆ ಕೇಳುತ್ತಾರೆ ಎಂದರೆ, ನಾವು ಕೊಡುತ್ತೇವೆ, ಅದಕ್ಕೇ. ಹೊಸ ಕಾಲೇಜು ರೂಢಿಯಂತೆ ಟಿ.ಸಿ. ಮತ್ತು ಮೈಗ್ರೇಷನ್‌ಗಳ ಮೂಲಪ್ರತಿಯನ್ನು ಪಡೆಯುತ್ತದೆ. ಕೊಡುವ ಮೊದಲು ಅವುಗಳ ನಕಲು ತೆಗೆದಿಟ್ಟುಕೊಂಡು, ಕೊಟ್ಟದ್ದಕ್ಕೆ ಸಹಿಯಿರುವ ಚೀಟಿ ಪಡೆಯಿರಿ. ಅಂಕಪಟ್ಟಿಯನ್ನು ಮಾತ್ರ ತೋರಿಸಿ, ಕೈಗೆ ವಾಪಸು ಬರುವವರೆಗೆ ಕಿಟಕಿ ಬಿಟ್ಟು ಕದಲಬೇಡಿ.

ಕಟ್ಟಿದ ಫೀಸಿನ ವಿಷಯವೂ ಅದೇ ಅಧಿಸೂಚನೆಯಲ್ಲಿದೆ. ಒಂದು ಉದಾಹರಣೆಯಿಂದ ಹೇಳುತ್ತೇನೆ. ಪ್ರವೇಶಕ್ಕೆ ಕಡೆಯ ದಿನ ಆಗಸ್ಟ್ ೩೧ ಎಂದು ಪ್ರಕಟವಾಗಿದೆ, ನಿಮ್ಮ ಮಗ ೪೦,೦೦೦ ರೂಪಾಯಿ ಕಟ್ಟಿದ್ದಾನೆ ಎನ್ನೋಣ. ಆಗಸ್ಟ್ ೧೦ರಂದು ಬಿಟ್ಟರೆ, ಎಂದರೆ ಕಡೆಯ ದಿನಕ್ಕೆ ೧೫ ದಿನ ಅಥವಾ ಹೆಚ್ಚು ಮೊದಲಾದರೆ, ಪೂರ್ತಿ ಹಣ ಬರಬೇಕು. ಕಚೇರಿಯ ಖರ್ಚೆಂದು ನೂರಕ್ಕೆ ೫ರವರೆಗೆ, ಅದೂ ೫,೦೦೦ ರೂಪಾಯಿ ಮೀರದಂತೆ, ಹಿಡಿಯಬಹುದು. ಇಲ್ಲಿ ೨,೦೦೦ ಹಿಡಿದರೂ ೩೮,೦೦೦ ಬಂತು. ಆಗಸ್ಟ್ ೨೫ರಂದು ಬಿಟ್ಟರೆ ನೂರಕ್ಕೆ ೯೦, ಎಂದರೆ ೩೬,೦೦೦. ಸೆಪ್ಟೆಂಬರ್ ೧೦ರಂದು, ಕಡೆಯ ದಿನ ಕಳೆದು ೧೫ ದಿನದೊಳಗಾದ್ದರಿಂದ, ೮೦ರಂತೆ ೩೨,೦೦೦. ಸೆಪ್ಟೆಂಬರ್ ೨೫ಕ್ಕೆ ಅರ್ಧ, ೨೦,೦೦೦. ಒಂದು ತಿಂಗಳು ದಾಟಿ ಅಕ್ಟೋಬರ್ ೫ರಂದು ಹೋದರೆ ಏನೂ ಇಲ್ಲ. ಠೇವಣಿ ಹಣ ಈ ಲೆಕ್ಕಕ್ಕೆ ಸೇರದು, ಅದು ಪೂರ್ತಿ ನಿಮ್ಮದು. ಬರಹದಲ್ಲಿ ಅರ್ಜಿ ಕೊಟ್ಟ ೧೫ ದಿನದೊಳಗೆ ಹಣ ಹಿಂದಿರುಗಿಸಬೇಕು. ಈಚಿನ ವರ್ಷಗಳಲ್ಲಿ ಯು.ಜಿ.ಸಿ. ಇದಕ್ಕಿಂತ ಉದಾರವಾದ ಸುತ್ತೋಲೆಗಳನ್ನೂ ಕಳಿಸಿದೆ. ೨೦೨೪-೨೫ರ ಸಾಲಿಗೆ ೨೦೨೪ರ ಸೆಪ್ಟೆಂಬರ್ ೩೦ರವರೆಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ ೩೧ರವರೆಗೆ ಬಿಟ್ಟವರಿಗೆ ಹೆಚ್ಚೆಂದರೆ ೧,೦೦೦ ರೂಪಾಯಿ ಹಿಡಿದು ಉಳಿದದ್ದು ಎಂದು ವಿಧಿಸಿತ್ತು. ಆದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳಬೇಕು. ಇಂಜಿನಿಯರಿಂಗ್, ವೈದ್ಯಕೀಯ ಮೊದಲಾದವುಗಳಿಗೆ ಅವುಗಳದೇ ಮೇಲ್ವಿಚಾರಣೆಯ ಸಂಸ್ಥೆಗಳೂ ಸೀಟು ಹಂಚುವವರ ನಿಯಮಗಳೂ ಬೇರೆ ಇವೆ. ಅಲ್ಲಿ ಸೇರುವಾಗಲೇ ಬಾಂಡಿಗೆ ಸಹಿ ಹಾಕಿಸಿಕೊಳ್ಳುವುದುಂಟು. ಓದದೆ ಸಹಿ ಹಾಕಬೇಡಿ.

ಹಾಗೆಂದು ಕಾಲೇಜಿನವರದೇ ಎಲ್ಲ ತಪ್ಪು ಎನ್ನಲಾರೆ. ಗ್ರಂಥಾಲಯದಿಂದ ಪುಸ್ತಕ ಒಯ್ದು ತಾರದ ಹುಡುಗರನ್ನು, ಹಾಸ್ಟೆಲಿನಲ್ಲಿ ಆರು ತಿಂಗಳು ಉಂಡು ಊಟದ ಬಾಕಿ ಕಟ್ಟದೆ ರಾತ್ರೋರಾತ್ರಿ ಗಂಟುಕಟ್ಟಿದವರನ್ನು ನಾನೂ ಕಂಡಿದ್ದೇನೆ. ನಿಜವಾದ ಬಾಕಿಯನ್ನು ತೀರಿಸಿಯೇ ಹೋಗಬೇಕು. ಬಾಕಿಯಿಲ್ಲವೆಂಬ ಚೀಟಿಯನ್ನು ಗ್ರಂಥಾಲಯ, ಪ್ರಯೋಗಶಾಲೆ, ಹಾಸ್ಟೆಲುಗಳಿಂದ ತರಲು ಹೇಳುವುದರಲ್ಲಿ ಅನ್ಯಾಯವಿಲ್ಲ. ಓದಿದ ದಿನದ ಹಣ ಬೇರೆ, ಓದದ ವರ್ಷದ ಹಣ ಬೇರೆ. ಇನ್ನು ಕೂರದ ಪಾಠಗಳ ಫೀಸನ್ನು ವಸೂಲು ಮಾಡುವುದಕ್ಕಾಗಿ ಕಾಗದ ತಡೆಯುವುದನ್ನೇ ಯು.ಜಿ.ಸಿ. ಕುಂದುಕೊರತೆಯೆಂದು ಹೆಸರಿಸಿರುವುದು. ಯಾವುದು ನ್ಯಾಯವಾದ ಬಾಕಿ, ಯಾವುದಲ್ಲ ಎಂಬ ವಿವಾದವಿದ್ದು, ಹೊಸ ಕಡೆಯ ದಿನ ಹತ್ತಿರವಾಗಿದ್ದರೆ ನನ್ನ ಸಲಹೆ ಇದು: ಕೈಲಾದರೆ ಹಣ ಕಟ್ಟಿಬಿಡಿ, ಆದರೆ “ಈ ಮೊತ್ತವನ್ನು ಒಪ್ಪದೆ, ಆಕ್ಷೇಪಣೆಯೊಡನೆ ಕಟ್ಟಿದ್ದೇನೆ” ಎಂದು ಒಂದು ಪತ್ರವನ್ನು ಅದೇ ದಿನ ಕೊಟ್ಟು, ರಸೀತಿಯನ್ನು ಜೋಪಾನವಾಗಿಡಿ. ಹಣಕ್ಕಾಗಿ ಆಮೇಲೆಯೂ ಹೋರಾಡಬಹುದು. ಕಳೆದುಹೋದ ಸೀಟಿಗಾಗಿ ಹೋರಾಡುವುದು ಬಲು ಕಷ್ಟ.

ಕೇಳುವ ಬಗೆ ಹೇಗೆ? ಬಾಯಿಮಾತಿನಲ್ಲಿ ಎಂದೂ ಬೇಡ. ಒಳಗೆ ಕುಳಿತಿದ್ದವನಾಗಿ ಹೇಳುತ್ತೇನೆ, ಮೇಜಿನ ಮುಂದೆ ನಿಂತ ಮನುಷ್ಯನನ್ನು “ನಾಳೆ ಬನ್ನಿ” ಎಂದು ಕಳಿಸಬಹುದು, ತಾರೀಖು ಬಿದ್ದ ಅರ್ಜಿಯನ್ನು ಹಾಗೆ ಕಳಿಸಲಾಗದು. ಅರ್ಜಿ ದೊಡ್ಡದಾಗಿರಬೇಕಾಗಿಲ್ಲ. ಈ ಮಾದರಿಯಲ್ಲಿದ್ದರೆ ಸಾಕು:

“ಪ್ರಿನ್ಸಿಪಾಲರಿಗೆ. ಮಾನ್ಯರೇ, ನಾನು ತಮ್ಮ ಕಾಲೇಜಿನ ಮೊದಲನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿ, ಪ್ರವೇಶ ಸಂಖ್ಯೆ ಇಂಥದು. ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರಲಿರುವುದರಿಂದ ಇಂದಿನಿಂದ ನನ್ನ ಪ್ರವೇಶವನ್ನು ರದ್ದುಪಡಿಸಬೇಕೆಂದು ಕೋರುತ್ತೇನೆ. ನಾನು ಇಂಥ ದಿನ ತಮ್ಮ ಕಚೇರಿಗೆ ಕೊಟ್ಟ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳ ಮೂಲಪ್ರತಿಗಳನ್ನು ಹಿಂದಿರುಗಿಸಬೇಕು. ಬೇರೆಯಾಗಿ, ನನಗೆ ವರ್ಗಾವಣೆ ಪತ್ರವನ್ನು ಕೊಡಿಸಬೇಕು. ಅದರ ಶುಲ್ಕದ ರಸೀತಿ ಲಗತ್ತಿಸಿದೆ. ನಿಯಮದಂತೆ ಬರತಕ್ಕ ಫೀಸನ್ನು ಹಿಂದಿರುಗಿಸಬೇಕು. ಹೊಸ ಕಡೆ ಕಾಗದ ಒಪ್ಪಿಸಲು ಇಂಥ ತಾರೀಖು ಕಡೆಯ ದಿನವಾಗಿದೆ. ಕೊಡಲು ಅಡ್ಡಿಯಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ಪ್ರಾರ್ಥನೆ.”

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಹಾಕುವುದಿಲ್ಲವೆಂದರೆ ಜಗಳ ಬೇಡ, ನೇರವಾಗಿ ಅಂಚೆ ಕಚೇರಿಗೆ ಹೋಗಿ. ಹಳೆಯ ರಿಜಿಸ್ಟರ್ಡ್ ಅಂಚೆ ೨೦೨೫ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಸ್ಪೀಡ್ ಪೋಸ್ಟಿನ ರಸೀತಿಯೇ ಈಗ ನಿಮ್ಮ ಸಾಕ್ಷಿ. ಆ ಅರ್ಜಿಯ ಕಡೆಯ ವಾಕ್ಯವೇ ಅತಿ ಮುಖ್ಯವಾದದ್ದು. ಕಾರಣವನ್ನು ಬರೆದುಕೊಡಿ ಎಂದಾಗ, ಓದದ ಎರಡು ವರ್ಷದ ಫೀಸು ಬೇಕೆಂದು ತಮ್ಮ ಕಾಗದದ ಮೇಲೆ ಬರೆದು ಸಹಿ ಮಾಡುವ ಧೈರ್ಯ ಬಹುಮಂದಿಗೆ ಇರುವುದಿಲ್ಲ. ನಮ್ಮ ಸೆಕ್ರೆಟರಿಯವರಿಗಂತೂ ಇರಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಇಷ್ಟಾದರೂ ಕೊಡದಿದ್ದರೆ? ಯು.ಜಿ.ಸಿ. ೨೦೨೩ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರದ ವಿನಿಯಮಗಳನ್ನು ಹೊರಡಿಸಿತು. ೨೦೧೯ರ ವಿನಿಯಮಗಳ ಸ್ಥಾನದಲ್ಲಿ ಇವು ಬಂದವು. ಇವುಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲಿಯೂ ಪ್ರೊಫೆಸರರೊಬ್ಬರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರಬೇಕು. ದೂರು ಬಂದ ಮೇಲೆ ಕೆಲಸದ ೧೫ ದಿನಗಳೊಳಗೆ ಅದು ತನ್ನ ಶಿಫಾರಸನ್ನು ಕೊಡಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ ೧೫ ದಿನದೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಈ ಅಧಿಕಾರಿ ನಿವೃತ್ತ ಕುಲಪತಿಗಳೋ, ಆಡಳಿತದ ಅನುಭವವಿರುವ ನಿವೃತ್ತ ಪ್ರೊಫೆಸರರೋ, ಮಾಜಿ ಜಿಲ್ಲಾ ನ್ಯಾಯಾಧೀಶರೋ ಆಗಿರುತ್ತಾರೆ. ಮೇಲ್ಮನವಿಯನ್ನು ೩೦ ದಿನದಲ್ಲಿ ಮುಗಿಸಲು ಅವರು ಯತ್ನಿಸಬೇಕು. ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರವೂ ಅವರಿಗುಂಟು. ವಿನಿಯಮಕ್ಕೆ ತಲೆಬಾಗದ ಸಂಸ್ಥೆಗೆ ಯು.ಜಿ.ಸಿ.ಯಿಂದ ಬರುವ ಅನುದಾನ ನಿಲ್ಲಬಹುದು.

ನೋಡಿದಿರಾ, ಸಮಿತಿಗೆ ೧೫ ಕೆಲಸದ ದಿನ, ಮೇಲ್ಮನವಿಗೆ ಒಂದು ತಿಂಗಳು, ಒಟ್ಟು ಎರಡು ತಿಂಗಳಾಯಿತು. ಹೊಸ ಕಡೆಯವರು ಕೊಟ್ಟಿರುವುದು ಬಹುಶಃ ಹತ್ತು ದಿನ. ಈ ವಿನಿಯಮಗಳಲ್ಲಿ ನನಗೆ ಕಾಣುವ ಕೊರತೆ ಇದೇ. ಆದಕಾರಣ ಹಳೆಯ ಕಡೆ ದೂರು ಕೊಟ್ಟ ದಿನವೇ ಹೊಸ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಿಗೂ ಒಂದು ಪತ್ರ ಬರೆಯಿರಿ: ಕಾಗದಗಳನ್ನು ಕೇಳಿದ್ದೇನೆ, ಅರ್ಜಿಯ ಪ್ರತಿ ಇದೋ, ತಾತ್ಕಾಲಿಕವಾಗಿ ಪ್ರವೇಶ ಕೊಟ್ಟು ಕಾಲಾವಕಾಶ ಕೊಡಿ, ಎಂದು. ಮುಚ್ಚಳಿಕೆ ಬರೆಸಿಕೊಂಡು ತಾತ್ಕಾಲಿಕ ಪ್ರವೇಶ ಕೊಡುವ ರೂಢಿ ಅನೇಕ ಕಡೆ ಇದೆ. ಅದು ಅವರ ವಿವೇಚನೆಗೆ ಬಿಟ್ಟದ್ದಾದರೂ, ಮೊಹರು ಬಿದ್ದ ಅರ್ಜಿಯನ್ನು ಕೈಯಲ್ಲಿ ಹಿಡಿದವನ ಮಾತಿಗೆ ತೂಕ ಬೇರೆ. ಚಿಕ್ಕ ಮಕ್ಕಳ ವಿಷಯದಲ್ಲಿ ಕಾನೂನು ಇದಕ್ಕಿಂತ ದಯೆಯುಳ್ಳದ್ದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೫ನೆಯ ಕಲಮಿನಂತೆ, ಎಂಟನೆಯ ತರಗತಿಯವರೆಗೆ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತಡವಾದರೂ ಹೊಸ ಶಾಲೆಯವರು ಆ ನೆಪದಿಂದ ಮಗುವನ್ನು ಸೇರಿಸದೆ ಕಳಿಸುವಂತಿಲ್ಲ. ಕಾಲೇಜಿನ ಹುಡುಗರಿಗೂ ಅಂಥ ಒಂದು ವಾಕ್ಯವನ್ನು ಸೇರಿಸಿದ್ದರೆ ಎಷ್ಟೋ ಮನೆಗಳ ಚಿಂತೆ ತಪ್ಪುತ್ತಿತ್ತು.

ಮೈಗ್ರೇಷನ್ ವಿಷಯದಲ್ಲಿ ತೊಂದರೆ ಬೇರೆ ತರದ್ದು. ಅಲ್ಲಿ ಹಠಕ್ಕಿಂತ ನಿಧಾನವೇ ಹೆಚ್ಚು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಒಂದು ವಾರ ತಗುಲುತ್ತದೆ. ನಮ್ಮ ರಾಜ್ಯದಲ್ಲಿ ೨೦೧೧ರ ಕಾಯಿದೆಯಂತೆ ೨೦೧೨ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆ ಇದೆ. ನಿಮಗೆ ಬೇಕಾದ ಸೇವೆ ಆ ಕಚೇರಿಯ ಸಕಾಲ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಅರ್ಜಿ ಕೊಟ್ಟೊಡನೆ ಒಂದು ಸಂಖ್ಯೆ ಕೊಡುತ್ತಾರೆ, ಗೊತ್ತಾದ ದಿನದೊಳಗೆ ಕೆಲಸ ಆಗಬೇಕು. ತಪ್ಪಿದರೆ ದಿನಕ್ಕೆ ೨೦ ರೂಪಾಯಿನಂತೆ ೫೦೦ ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕುಂಟು. ಹಣ ಅಲ್ಪ. ಆದರೆ ತಡವಾದದ್ದು ಯಾರಿಂದ ಎಂದು ಬರೆಯಬೇಕಾಗುತ್ತದಲ್ಲ, ಅದಕ್ಕೆ ಮೇಜುಗಳು ಬೇಗ ಎಚ್ಚರಗೊಳ್ಳುತ್ತವೆ. ಪಟ್ಟಿಯಲ್ಲಿಲ್ಲದಿದ್ದರೆ ಮಾಹಿತಿ ಹಕ್ಕಿನ ಕಾಯಿದೆ ಇದೆ. ೧೦ ರೂಪಾಯಿ ಶುಲ್ಕದೊಡನೆ, ‘ನನ್ನ ಅರ್ಜಿ ಯಾವ ದಿನ ಯಾವ ಅಧಿಕಾರಿಯ ಮುಂದೆ ಬಂತು, ಅವರು ಏನು ಬರೆದರು’ ಎಂದು ಕೇಳಬಹುದು. ಉತ್ತರಕ್ಕೆ ೩೦ ದಿನದ ಗಡುವು. ಖಾಸಗಿ ಕಾಲೇಜಿಗೆ ಈ ಕಾಯಿದೆಯನ್ನು ನೇರವಾಗಿ ಹಚ್ಚುವುದು ಕಷ್ಟವಾದರೂ, ಅದು ಸೇರಿರುವ ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಹಚ್ಚುವುದರಲ್ಲಿ ಅಡ್ಡಿಯಿಲ್ಲ.

ಕಾಗದದ ಕಾಟವೇ ಇಲ್ಲದ ದಾರಿಯೂ ಈಚೆಗೆ ತೆರೆದಿದೆ. ೨೦೧೫ರಲ್ಲಿ ಆರಂಭವಾದ ಡಿಜಿಲಾಕರ್ ಎಂಬ ಸರ್ಕಾರದ ವ್ಯವಸ್ಥೆಯಲ್ಲಿ ಅನೇಕ ಬೋರ್ಡುಗಳೂ ವಿಶ್ವವಿದ್ಯಾನಿಲಯಗಳೂ ಅಂಕಪಟ್ಟಿಗಳನ್ನು ತಾವಾಗಿಯೇ ಇಡುತ್ತಿವೆ. ಹಾಗೆ ಇಟ್ಟದ್ದಕ್ಕೆ ಮೂಲಪ್ರತಿಯ ಬೆಲೆಯೇ ಉಂಟೆಂದು ೨೦೧೭ರ ತಿದ್ದುಪಡಿಯ ನಿಯಮ ಹೇಳುತ್ತದೆ. ನೀವೇ ಫೋಟೋ ತೆಗೆದು ಅದರಲ್ಲಿ ಇಟ್ಟ ಪ್ರತಿಗೆ ಈ ಮಾತು ಅನ್ವಯಿಸದು, ಜೋಕೆ. ೨೦೨೧ರ ಜುಲೈಯಲ್ಲಿ ಯು.ಜಿ.ಸಿ. ಕ್ರೆಡಿಟ್ ಬ್ಯಾಂಕನ್ನೂ ತೆರೆಯಿತು. ಹಣದ ಬದಲು ಪಾಸಾದ ಪಾಠಗಳ ಕ್ರೆಡಿಟ್ಟುಗಳು ಅಲ್ಲಿ ವಿದ್ಯಾರ್ಥಿಯ ಖಾತೆಯಲ್ಲಿ ಹೆಚ್ಚೆಂದರೆ ೭ ವರ್ಷ ಇರುತ್ತವೆ. ಓದಿನ ನಡುವೆ ವಿಶ್ವವಿದ್ಯಾನಿಲಯ ಬದಲಿಸಿದರೆ ಅವನ್ನು ಹೊಸ ಕಡೆಗೆ ಒಯ್ಯಬಹುದು. ಆದರೆ ಪದವಿ ಕೊಡುವ ಸಂಸ್ಥೆಯಲ್ಲಿ ಕಡೇಪಕ್ಷ ಅರ್ಧದಷ್ಟನ್ನು ಗಳಿಸಿರಬೇಕು. ಎಲ್ಲ ಕಾಲೇಜುಗಳೂ ಅಂಕಗಳನ್ನು ಹೊತ್ತಿಗೆ ಸರಿಯಾಗಿ ಏರಿಸುವುದಿಲ್ಲ, ಆದುದರಿಂದ ಬಿಡುವ ಮೊದಲೇ ನಿಮ್ಮ ಮಗನ ಖಾತೆಯಲ್ಲಿ ಏನಿದೆಯೆಂದು ತೆರೆದು ನೋಡಿಸಿ.

ಇದರೊಡನೆ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಕಾಗದ ಪಡೆಯುವ ಹಕ್ಕು ಬೇರೆ, ಹೊಸ ಕಡೆ ಸೀಟು ಪಡೆಯುವ ಹಕ್ಕು ಬೇರೆ. ಮೈಗ್ರೇಷನ್ ಕೈಯಲ್ಲಿದೆಯೆಂದ ಮಾತ್ರಕ್ಕೆ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಪಠ್ಯ ಹೊಂದುತ್ತದೆಯೇ, ಸ್ಥಳವಿದೆಯೇ ಎಂದು ಅವರು ನೋಡುತ್ತಾರೆ. ಹೊಸ ಕಡೆಯಿಂದ ಬರಹದಲ್ಲಿ ಒಪ್ಪಿಗೆ ಬರುವ ಮೊದಲೇ ಹಳೆಯ ಕಡೆ ಹೆಸರು ತೆಗೆಸಿಕೊಂಡು ಎರಡಕ್ಕೂ ಇಲ್ಲವಾದವರನ್ನು ನಾನು ಕಂಡಿದ್ದೇನೆ. ಇನ್ನು ಟಿ.ಸಿ. ಕಳೆದುಹೋದರೆ ಪೋಲೀಸು ಠಾಣೆಯ ಚೀಟಿ, ಪ್ರಮಾಣಪತ್ರ, ಮತ್ತೆ ಶುಲ್ಕ ಎಂದು ಬೇರೆಯೇ ಪುರಾಣ. ಮನೆಯಲ್ಲಿ ಒಂದು ಕಡತ ಮಾಡಿ, ಕೊಟ್ಟ ಅರ್ಜಿ, ಕಟ್ಟಿದ ರಸೀತಿ, ಬಂದ ಉತ್ತರ ಎಲ್ಲವನ್ನೂ ತಾರೀಖಿನ ಪ್ರಕಾರ ಅದರಲ್ಲಿಡಿ. ಹುಡುಗ ಹೊಸ ಊರಿಗೆ ಹೊರಡುವಾಗ ಕಡತ ಅವನೊಡನೆ ಹೋಗದೆ ನಿಮ್ಮಲ್ಲಿಯೇ ಉಳಿಯಲಿ, ನಕಲುಗಳನ್ನು ಮಾತ್ರ ಅವನ ಚೀಲಕ್ಕೆ ಹಾಕಿ.